ಮೊದಲು ಹೇಳಿ, ಆಮೇಲೆ ಒತ್ತಿ

ತೀರ್ಥಹಳ್ಳಿ ಕಡೆಯ ಹಳ್ಳಿಯಲ್ಲಿ ಮಕ್ಕಳಿಗೆ ಕಂಪ್ಯೂಟರ್ ಹೇಳಿಕೊಡುತ್ತೇನೆ. ಸ್ಕ್ರೀನ್ ರೆಕಾರ್ಡ್ ಮಾಡಿ, ಜೊತೆಗೆ ಮಾತಾಡಿ ಪಾಠ ಮಾಡಲು ಶುರು ಮಾಡಿದ್ದು 2020ರ ಲಾಕ್‌ಡೌನ್‌ನಲ್ಲಿ. ಆಗ ನಮ್ಮ ಮಕ್ಕಳು ನೆಟ್‌ವರ್ಕ್‌ಗಾಗಿ ಗುಡ್ಡ ಹತ್ತುತ್ತಿದ್ದರು. ವಿಡಿಯೊ ಆದರೆ ಗುಡ್ಡದ ಮೇಲೆ ಇಳಿಸಿಕೊಂಡು ಮನೆಯಲ್ಲಿ ಕೂತು ನೋಡಬಹುದು ಅಲ್ವಾ?

ಮೊದಲ ವಿಡಿಯೊ ಕಳಿಸಿದ ಮೇಲೆ ಒಬ್ಬ ಹುಡುಗಿ ಫೋನ್ ಮಾಡಿ, "ಮೇಡಂ, ನೀವು ಎಲ್ಲಿ ಒತ್ತಿದ್ರಿ?" ಅಂತ ಕೇಳಿದಳು. ನಾನು ಒತ್ತಿದ ಮೇಲೆ ಹೇಳುತ್ತಿದ್ದೆ. ಅಷ್ಟರಲ್ಲಿ ಮೆನು ತೆರೆದು ಮುಚ್ಚಿಯೇ ಹೋಗಿರುತ್ತಿತ್ತು. ಈಗ ಮೌಸ್ ತಂದು ನಿಲ್ಲಿಸುತ್ತೇನೆ. ಹೆಸರು ಹೇಳುತ್ತೇನೆ. ಆಮೇಲೆ ಒತ್ತಿ, ಎರಡು ಸೆಕೆಂಡ್ ಸುಮ್ನೆ ಇರುತ್ತೇನೆ. ಇದೊಂದನ್ನು ಮಾಡಿದರೆ ಅರ್ಧ ಪಾಠ ಗೆದ್ದ ಹಾಗೆ.

ಇನ್ನು ಭಾಷೆ. ಪರದೆ ಮೇಲೆ 'ಇನ್ಸರ್ಟ್' ಅಂತ ಇದ್ದರೆ ನಾನೂ ಇನ್ಸರ್ಟ್ ಅಂತಲೇ ಅನ್ನುತ್ತೇನೆ. ಕಣ್ಣಿಗೆ ಕಂಡದ್ದೇ ಕಿವಿಗೂ ಬೀಳಬೇಕು. ಉಳಿದದ್ದೆಲ್ಲ ಮನೆ ಕನ್ನಡ. ಐಐಟಿ ಬಾಂಬೆಯವರ ಸ್ಪೋಕನ್ ಟ್ಯುಟೋರಿಯಲ್ ಪಾಠಗಳನ್ನು ನೋಡಿ. ಹತ್ತು ನಿಮಿಷದ ಆಸುಪಾಸಿನವು. ಮೊದಲು ಮಾತು ಬರೆದುಕೊಂಡು ಆಮೇಲೆ ರೆಕಾರ್ಡ್ ಮಾಡುತ್ತಾರೆ. ಪರದೆ ಇಂಗ್ಲಿಷ್‌ನದೇ, ದನಿ ಕನ್ನಡದ್ದು. ಒಂದು ಕಡೆ ವಿಡಿಯೊ, ಪಕ್ಕದಲ್ಲೇ ಸಾಫ್ಟ್‌ವೇರ್ ತೆರೆದಿಟ್ಟು ನಿಲ್ಲಿಸಿ ನಿಲ್ಲಿಸಿ ಮಾಡಿ ಕಲಿಯುವ ಕ್ರಮ ಅವರದು. ನನ್ನ ಮಕ್ಕಳಿಗೂ ಹಾಗೇ ಹೇಳಿದ್ದೇನೆ. ವಿಡಿಯೊದಲ್ಲಿ ನಮ್ಮ ಮುಖ ತೋರಿಸುವ ಅಗತ್ಯವೇ ಇಲ್ಲ. ನಮ್ಮ ಕಡೆ ಮಾತು ಬಂದುಬಿಡುತ್ತದಲ್ಲ ಅಂತ ನಾಚಿಕೊಳ್ಳುವ ಮೇಷ್ಟ್ರುಗಳನ್ನು ನೋಡಿದ್ದೇನೆ. ದಯವಿಟ್ಟು ಬರಲಿ ಬಿಡಿ. ಪುಸ್ತಕ ಓದಿದ ಹಾಗೆ ಮಾತಾಡಿದರೆ ಮಕ್ಕಳು ಎರಡನೇ ನಿಮಿಷಕ್ಕೇ ಬಂದ್ ಮಾಡುತ್ತಾರೆ.

ಮಳೆಗಾಲದ್ದು ಬೇರೆಯೇ ಕಷ್ಟ. ಒಮ್ಮೆ ರೆಕಾರ್ಡ್ ಮಾಡುವಾಗಲೇ ಕರೆಂಟ್ ಹೋಗಿ, ಫೈಲ್ ತೆರೆಯಲೇ ಇಲ್ಲ. ನಲವತ್ತು ನಿಮಿಷದ ಕೆಲಸ ಹೋಯಿತು. ಅದು ಎಂಪಿ ಫೋರ್ ಬಗೆಯ ವಿಡಿಯೊ ಫೈಲ್, ರೆಕಾರ್ಡಿಂಗ್ ನಡುವೆ ನಿಂತರೆ ಕೆಟ್ಟುಹೋಗಬಹುದು. ಈಗ ಸ್ಕ್ರೀನ್ ರೆಕಾರ್ಡ್ ಮಾಡಲು ಉಚಿತವಾಗಿ ಸಿಗುವ ಒಬಿಎಸ್ ಸ್ಟುಡಿಯೊ ಸಾಫ್ಟ್‌ವೇರ್‌ನಲ್ಲಿ ಎಂಕೆವಿ ಅನ್ನುವ ಇನ್ನೊಂದು ಬಗೆಯ ಫೈಲ್ ಆಗಿ ಉಳಿಸುತ್ತೇನೆ. ಕರೆಂಟ್ ಹೋದರೂ ಅಲ್ಲಿವರೆಗಿನದು ಉಳಿಯುತ್ತದೆ. ಆಮೇಲೆ ಒಬಿಎಸ್‌ನಲ್ಲೇ 'ರೀಮಕ್ಸ್' ಮಾಡಿ, ಅಂದರೆ ಫೈಲಿನ ಬಗೆ ಬದಲಿಸಿ, ಎಂಪಿ ಫೋರ್ ಮಾಡಿಕೊಳ್ಳಬಹುದು.

ಫ್ಯಾನಿನ ಸದ್ದನ್ನು ಆಡಾಸಿಟಿ ಅನ್ನುವ ದನಿ ತಿದ್ದುವ ಸಾಫ್ಟ್‌ವೇರ್ ತೆಗೆಯುತ್ತದೆ. ಫ್ಯಾನಿನ ಸದ್ದು ಯಾವುದು ಅಂತ ಅದಕ್ಕೆ ಗೊತ್ತಾಗಲು ಶುರುವಿನಲ್ಲಿ ನಾಲ್ಕೈದು ಸೆಕೆಂಡ್ ಮಾತಾಡದೆ ಬಿಡಬೇಕು. ಆದರೆ ಶೀಟಿನ ಮೇಲೆ ಬೀಳುವ ಮಳೆ ಒಂದೇ ಸಮ ಇರುವುದಿಲ್ಲ, ಅದಕ್ಕೆ ಯಾವ ಸಾಫ್ಟ್‌ವೇರೂ ಸಾಲುವುದಿಲ್ಲ. ಈ ವಾರ ಮೇಲ್ ಮರ್ಜ್, ಅಂದರೆ ಒಂದೇ ಪತ್ರವನ್ನು ಹಲವರ ಹೆಸರಿಗೆ ಮಾಡುವ ಪಾಠ ಆಗಬೇಕು. ಮಾತು ಬರೆದಿಟ್ಟಿದ್ದೇನೆ. ಮಳೆ ಸ್ವಲ್ಪ ಹೊಳವಾಗಲಿ ಅಂತ ಕಾಯುತ್ತಿದ್ದೇನೆ.