ಒಂದು ಕಾಳಗವನ್ನೂ ಗೆಲ್ಲದ ದಂಡನಾಯಕ

ಅಮೆರಿಕದ ಸ್ವಾತಂತ್ರ್ಯ ಯುದ್ಧದ ಮಾತು ಬಂದಾಗಲೆಲ್ಲ ಎರಡೇ ಹೆಸರು ಕೇಳಿಬರುತ್ತವೆ: ಸಾರಟೋಗಾ, ಯಾರ್ಕ್‌ಟೌನ್. 1777ರ ಅಕ್ಟೋಬರ್‌ನಲ್ಲಿ ಸಾರಟೋಗಾದಲ್ಲಿ ಬ್ರಿಟಿಷ್ ಸೇನಾನಿ ಬರ್ಗಾಯ್ನ್‌ನ ಸೇನೆ ಶರಣಾಯಿತು, ಮರುವರ್ಷ ಫ್ರಾನ್ಸ್ ಬಹಿರಂಗವಾಗಿ ಬೆಂಬಲಕ್ಕೆ ನಿಂತಿತು, 1781ರಲ್ಲಿ ಯಾರ್ಕ್‌ಟೌನಿನಲ್ಲಿ ಕಾರ್ನ್‌ವಾಲಿಸ್ ಶಸ್ತ್ರ ಕೆಳಗಿಟ್ಟ. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಕಾರ್ನ್‌ವಾಲಿಸ್‌ನಂಥ ಪಳಗಿದ ಬ್ರಿಟಿಷ್ ಸೇನಾನಿ ಆ ಯಾರ್ಕ್‌ಟೌನ್ ಎಂಬ ಮೂಲೆಗೆ ಬಂದು ಸಿಕ್ಕಿಬಿದ್ದದ್ದಾದರೂ ಹೇಗೆ? ಅದನ್ನು ಕೇಳುತ್ತ ಹಿಂದೆ ಹೋದರೆ ದಕ್ಷಿಣದ ಕೆರೊಲಿನಾ ಸೀಮೆಗೆ ಬಂದು ನಿಲ್ಲುತ್ತೇವೆ. ಯುದ್ಧ ಮಗ್ಗುಲು ಬದಲಿಸಿದ್ದು ಅಲ್ಲೇ ಎಂದು ನನ್ನ ನಂಬಿಕೆ. ಅದೂ ಅಮೆರಿಕನ್ನರು ಸೋತ ಕಾಳಗದಲ್ಲಿ.

1780 ಅವರ ಪಾಲಿಗೆ ಕೆಟ್ಟ ವರ್ಷ. ಮೇ ತಿಂಗಳಲ್ಲಿ ಚಾರ್ಲ್ಸ್‌ಟನ್ ಬಂದರು ಕೈಬಿಟ್ಟುಹೋಯಿತು, ಸುಮಾರು 5,000 ಸೈನಿಕರು ಒಟ್ಟಿಗೇ ಸೆರೆಯಾದರು. ಆಗಸ್ಟ್ 16ರಂದು ಕ್ಯಾಮ್ಡೆನ್‌ನಲ್ಲಿ ಇನ್ನೊಂದು ಸೇನೆ ಚೆಲ್ಲಾಪಿಲ್ಲಿಯಾಯಿತು. ಸಾರಟೋಗಾ ಗೆದ್ದವನೆಂದು ಹೆಸರು ಮಾಡಿದ್ದ ಜನರಲ್ ಗೇಟ್ಸ್ ಕುದುರೆಯೇರಿ ಪರಾರಿಯಾದ. (ಸರಿಸುಮಾರು ಅದೇ ಹೊತ್ತಿಗೆ, ಸೆಪ್ಟೆಂಬರ್ 10ರಂದು, ಹೈದರ್ ಮತ್ತು ಟಿಪ್ಪು ಪೊಳ್ಳಿಲೂರಿನಲ್ಲಿ ಕರ್ನಲ್ ಬೇಲಿಯ ಪಡೆಯನ್ನು ನುಚ್ಚುನೂರು ಮಾಡಿದ್ದರು. ಆ ವರ್ಷ ಬ್ರಿಟಿಷರ ನಿದ್ದೆಗೆಡಿಸಿದವರಲ್ಲಿ ಮೈಸೂರಿನವರೇ ಮೊದಲಿಗರು.)

ಅಂಥ ಹೊತ್ತಿನಲ್ಲಿ, ಆ ಡಿಸೆಂಬರ್‌ನಲ್ಲಿ, ಶಾರ್ಲಟ್ ಎಂಬ ಊರಿಗೆ ಬಂದು ಅಳಿದುಳಿದ ಸೇನೆಯ ಹೊಣೆ ಹೊತ್ತವನು ನಥಾನಿಯೆಲ್ ಗ್ರೀನ್. ರೋಡ್ ಐಲೆಂಡಿನ ಕಬ್ಬಿಣದ ಕುಲುಮೆಯವರ ಮನೆ ಮಗ. ನಡೆದರೆ ಕುಂಟು, ಮಲಗಿದರೆ ಉಬ್ಬಸ. ಇಲ್ಲಿಗೆ ಬರುವ ಮುಂಚೆ ಎರಡು ವರ್ಷ ವಾಷಿಂಗ್ಟನ್‌ನ ಸೇನೆಗೆ ಗಾಡಿ, ಕುದುರೆ, ಮೇವು, ಸಾಮಾನು ಒದಗಿಸುವ ಕೆಲಸ ನೋಡಿಕೊಂಡಿದ್ದ. ಹೆಸರು ತರದ ಕೆಲಸವೆಂದು ಸ್ವತಃ ಗೊಣಗಿಕೊಂಡೇ ಮಾಡಿದ್ದ ಕೆಲಸವದು. ಕೊನೆಗೆ ಕೈಹಿಡಿದದ್ದು ಆ ಅನುಭವವೇ. ದಕ್ಷಿಣಕ್ಕೆ ಬಂದವನು ಮೊದಲು ಮಾಡಿದ ಕೆಲಸಗಳಲ್ಲೊಂದು, ನದಿಗಳ ಆಳ, ಹರಿವು, ಹಾಯುಗಡ ನೋಡಿಬರಲು ಅಧಿಕಾರಿಗಳನ್ನು ಕಳಿಸಿದ್ದು ಮತ್ತು ದೋಣಿಗಳನ್ನು ಹೊಂದಿಸಿದ್ದು. ಶತ್ರು ಎಲ್ಲಿದ್ದಾನೆ ಎನ್ನುವಷ್ಟೇ ಕಾಳಜಿಯಿಂದ ಹೊಳೆ ಎಲ್ಲಿ ದಾಟಬಹುದು ಎಂದು ಕೇಳಿದ ಮನುಷ್ಯ ಅವನು.

ಆಮೇಲೆ, ಮೊದಲೇ ಸಣ್ಣದಾಗಿದ್ದ ಸೇನೆಯನ್ನು ಎರಡು ಪಾಲು ಮಾಡಿದ. ಪುಸ್ತಕದ ಪ್ರಕಾರ ಇದು ಹುಚ್ಚುತನ. ಒಂದು ಪಾಲು ಡೇನಿಯಲ್ ಮಾರ್ಗನ್‌ನದು. ಹಿಂದೊಮ್ಮೆ ಬ್ರಿಟಿಷ್ ಸೇನೆಗೇ ಗಾಡಿ ಹೊಡೆಯುತ್ತಿದ್ದವನು, ಅವರ ಕೈಯಲ್ಲೇ ಚಾಟಿಯೇಟು ತಿಂದವನು. ಕೌಪೆನ್ಸ್ ಎಂಬ ದನ ಮೇಯುವ ಬಯಲಿನಲ್ಲಿ ಕಾಳಗದ ಹಿಂದಿನ ರಾತ್ರಿ ಅವನು ಬೆಂಕಿಯಿಂದ ಬೆಂಕಿಗೆ ಓಡಾಡಿ ಹುಡುಗರ ಜೊತೆ ತಮಾಷೆ ಮಾಡುತ್ತ, ಬೆನ್ನ ಮೇಲಿನ ಗಾಯದ ಗುರುತು ತೋರಿಸಿದ. ಮಿಲಿಷಿಯಾದವರು, ಅಂದರೆ ಕರೆದಾಗ ಮನೆಯಿಂದ ಬಂದೂಕು ಹಿಡಿದು ಬರುವ ರೈತರು, ಬಯೊನೆಟ್ ಕಂಡರೆ ನಿಲ್ಲುವುದಿಲ್ಲವೆಂದು ಎಲ್ಲರೂ ಬೈಯುತ್ತಿದ್ದರು. ಮಾರ್ಗನ್ ಬೈಯಲಿಲ್ಲ. ಎರಡು ಮೂರು ಸುತ್ತು ಗುರಿಯಿಟ್ಟು ಹೊಡೆಯಿರಿ, ಆಮೇಲೆ ಹಿಂದೆ ಸರಿಯಿರಿ ಎಂದಷ್ಟೇ ಕೇಳಿದ. 1781ರ ಜನವರಿ 17ರ ಬೆಳಗ್ಗೆ ಅವರು ಹಾಗೇ ಮಾಡಿದರು. ಓಡಿದರೆಂದುಕೊಂಡು ನುಗ್ಗಿದ ಬ್ರಿಟಿಷ್ ದಳಪತಿ ಟಾರ್ಲ್‌ಟನ್‌ನ ಪಡೆ ಹಿಂದಿದ್ದ ಕಸುಬುದಾರ ಸೈನಿಕರ ಸಾಲಿಗೆ ಹೋಗಿ ಬಡಿಯಿತು. ಒಂದು ಗಂಟೆಯೊಳಗೆ ಸುಮಾರು 1,100 ಜನರ ಆ ಪಡೆಯಲ್ಲಿ ಹೆಚ್ಚುಕಡಿಮೆ ಎಲ್ಲರೂ ಸತ್ತರು, ಗಾಯಗೊಂಡರು, ಇಲ್ಲವೇ ಸೆರೆಯಾದರು. ಮನುಷ್ಯರಿಂದ ಅವರ ಕೈಲಾಗುವಷ್ಟನ್ನೇ ಕೇಳಿದ ಈ ಯೋಜನೆಯ ಮುಂದೆ ನನಗೆ ಇಡೀ ಯುದ್ಧದಲ್ಲಿ ಬೇರೊಂದು ಕಾಣುವುದಿಲ್ಲ.

ಕಾರ್ನ್‌ವಾಲಿಸ್ ಕೆರಳಿದ. ರ‍್ಯಾಮ್ಸರ್ಸ್ ಮಿಲ್ ಎಂಬಲ್ಲಿ ಗಾಡಿ, ಡೇರೆ, ಕೊನೆಗೆ ರಮ್ ಪೀಪಾಯಿಗಳನ್ನೂ ಸುಟ್ಟುಹಾಕಿಸಿ, ಹಗುರಾಗಿ ಬೆನ್ನಟ್ಟಿದ. ಗ್ರೀನ್ ಹಿಂದೆ ಹಿಂದೆ ಸರಿಯುತ್ತ ಫೆಬ್ರವರಿ 14ರ ಹೊತ್ತಿಗೆ ಡ್ಯಾನ್ ನದಿ ದಾಟಿದ. ಬ್ರಿಟಿಷರು ದಡಕ್ಕೆ ಬಂದಾಗ ನದಿ ತುಂಬಿ ಹರಿಯುತ್ತಿತ್ತು, ದೋಣಿಗಳೆಲ್ಲ ಆಚೆ ದಡದಲ್ಲಿದ್ದವು. ಚಳಿಗಾಲದ ಮಳೆ, ಡೇರೆಯಿಲ್ಲ, ಹೊಟ್ಟೆಗೆ ಸರಿಯಾಗಿ ಇಲ್ಲ, ತಮ್ಮ ಉಗ್ರಾಣ ನೂರಾರು ಮೈಲಿ ಹಿಂದೆ.

ಮಾರ್ಚ್ 15ರಂದು ಗಿಲ್ಫರ್ಡ್ ಕೋರ್ಟ್‌ಹೌಸ್‌ನಲ್ಲಿ ಗ್ರೀನ್ ತಿರುಗಿ ನಿಂತ, ಕಾದಾಡಿದ, ಸೋತ. ನೆಲ ಬ್ರಿಟಿಷರ ಪಾಲಾಯಿತು. ಆದರೆ ಸುಮಾರು 1,900 ಜನರಲ್ಲಿ 500ಕ್ಕೂ ಹೆಚ್ಚು ಮಂದಿ ಸತ್ತೋ ಗಾಯಗೊಂಡೋ ಬಿದ್ದಿದ್ದರು, ಆ ರಾತ್ರಿಯಿಡೀ ಮಳೆ ಸುರಿಯಿತು. ಇಂಥ ಇನ್ನೊಂದು ಗೆಲುವು ಸಿಕ್ಕರೆ ನಮ್ಮ ಸೇನೆಯೇ ಉಳಿಯುವುದಿಲ್ಲ ಎಂದು ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಚಾರ್ಲ್ಸ್ ಫಾಕ್ಸ್ ಹೇಳಿದ್ದು ಈ ಕಾಳಗದ ಬಗ್ಗೆಯೇ. ಗೆದ್ದ ಕಾರ್ನ್‌ವಾಲಿಸ್ ಅನ್ನ ಹುಡುಕಿಕೊಂಡು ಕರಾವಳಿಗೆ ನಡೆದ, ಅಲ್ಲಿಂದ ವರ್ಜೀನಿಯಾಕ್ಕೆ, ಅಲ್ಲಿಂದ ಯಾರ್ಕ್‌ಟೌನಿಗೆ. ಸೋತ ಗ್ರೀನ್ ದಕ್ಷಿಣಕ್ಕೆ ತಿರುಗಿ ಹಾಬ್‌ಕರ್ಕ್ಸ್ ಹಿಲ್‌ನಲ್ಲಿ ಮತ್ತೆ ಸೋತ, ನೈಂಟಿ ಸಿಕ್ಸ್ ಮುತ್ತಿಗೆಯಲ್ಲೂ ಕೈಸೋತ. ಆದರೂ ವರ್ಷ ಮುಗಿಯುವಷ್ಟರಲ್ಲಿ ಬ್ರಿಟಿಷರ ಕೈಯಲ್ಲಿ ಉಳಿದದ್ದು ಕರಾವಳಿಯ ಚೂರುಪಾರು ನೆಲ ಮಾತ್ರ.

ಯಾರ್ಕ್‌ಟೌನಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಸೆಪ್ಟೆಂಬರ್ 5ರಂದು ಫ್ರೆಂಚ್ ನೌಕಾಪಡೆ ಚೆಸಪೀಕ್ ಕೊಲ್ಲಿಯ ಬಾಯಿ ಮುಚ್ಚಿದ ಮೇಲೆ ಉಳಿದದ್ದು ತೋಪಿನ ಲೆಕ್ಕ ಅಷ್ಟೆ. ಒಂದು ಸಂಗತಿಯನ್ನು ಮಾತ್ರ ಯಾರೂ ಮರೆಯಬಾರದು. ಸ್ವಾತಂತ್ರ್ಯದ ಆಸೆಯಿಂದ ಬ್ರಿಟಿಷರ ಹಿಂದೆ ಬಂದಿದ್ದ ಕಪ್ಪು ಗುಲಾಮರನ್ನು, ಸಿಡುಬಿನಿಂದ ನರಳುತ್ತಿದ್ದವರನ್ನೂ ಸೇರಿಸಿ, ಆಹಾರ ಸಾಲದೆಂದು ಕೋಟೆಯ ಸಾಲಿನಿಂದ ಹೊರಗೆ ದಬ್ಬಲಾಯಿತು. ಬದುಕುಳಿದ ಅನೇಕರನ್ನು ಗೆದ್ದವರು ಹಿಡಿದು ಮತ್ತೆ ಒಡೆಯರಿಗೆ ಒಪ್ಪಿಸಿದರು. ಆ ಗೆಲುವಿನ ಹಬ್ಬದಲ್ಲಿ ಈ ಪುಟ ಸೇರದಿದ್ದರೆ ಅದು ಅರ್ಧ ಚರಿತ್ರೆ.

ಇದೇ ಕಾರ್ನ್‌ವಾಲಿಸ್ 1786ರಲ್ಲಿ ಗವರ್ನರ್ ಜನರಲ್ ಆಗಿ ಇಂಡಿಯಾಕ್ಕೆ ಬಂದ. 1791ರ ಮಾರ್ಚ್‌ನಲ್ಲಿ ಬೆಂಗಳೂರು ಹಿಡಿದು, ಮೇ 15ರಂದು ಶ್ರೀರಂಗಪಟ್ಟಣದ ಬಳಿಯ ಅರಕೆರೆಯಲ್ಲಿ ಟಿಪ್ಪುವಿನ ಪಡೆಯನ್ನು ಹಿಮ್ಮೆಟ್ಟಿಸಿದ. ಅಲ್ಲಿಯೂ ಗಿಲ್ಫರ್ಡಿನ ಕಥೆಯೇ. ಎತ್ತುಗಳು ಸತ್ತಿದ್ದವು, ದವಸ ಮುಗಿದಿತ್ತು, ಮಳೆ ಹಿಡಿದಿತ್ತು. ಮುತ್ತಿಗೆಯ ದೊಡ್ಡ ತೋಪುಗಳನ್ನು ತಾನೇ ನಾಶಮಾಡಿ ಬೆಂಗಳೂರಿಗೆ ಮರಳಿದ. ಮೇವು ದವಸ ಸಿಗದಂತೆ ಮಾಡಿ ಶತ್ರುವನ್ನು ಹಸಿವಿನಿಂದ ಸೋಲಿಸುವ ವಿದ್ಯೆಯಲ್ಲಿ ಟಿಪ್ಪು ಗ್ರೀನ್‌ಗಿಂತ ಕಡಿಮೆಯಿರಲಿಲ್ಲ. ಆದರೆ ಈ ಸಲ ಕಾರ್ನ್‌ವಾಲಿಸ್‌ನ ಹಿಂದೆ ಬೆಂಗಳೂರಿತ್ತು, ಮದರಾಸಿತ್ತು, ಪಕ್ಕದಲ್ಲಿ ನಿಜಾಮನೂ ಮರಾಠರೂ ಇದ್ದರು, ದವಸ ಹೇರಿಕೊಂಡು ಬರುವ ಬಣಜಾರರ ಎತ್ತಿನ ಹಿಂಡುಗಳಿದ್ದವು. 1792ರ ಫೆಬ್ರವರಿಯಲ್ಲಿ ಹೊಟ್ಟೆ ತುಂಬಿದ ಸೇನೆಯೊಂದಿಗೆ ಶ್ರೀರಂಗಪಟ್ಟಣಕ್ಕೆ ಬಂದವನು ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ ಮತ್ತು ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಬರೆಸಿಕೊಂಡ.

ಟಿಪ್ಪುವಿಗೆ ಸಮುದ್ರದಲ್ಲಿ ಯಾರೂ ಇರಲಿಲ್ಲ. 1783ರಲ್ಲಿ ಮಂಗಳೂರಿನ ಮುತ್ತಿಗೆಯಲ್ಲಿ ಜೊತೆಗಿದ್ದ ಫ್ರೆಂಚರು, ಯುರೋಪಿನಲ್ಲಿ ಶಾಂತಿಯಾಯಿತೆಂಬ ಸುದ್ದಿ ಬಂದೊಡನೆ ಅವನನ್ನು ಬಿಟ್ಟು ಬೇರೆ ಸರಿದಿದ್ದರು. ಅಮೆರಿಕವನ್ನು ಸ್ವತಂತ್ರಗೊಳಿಸಿದ ಅದೇ ವರ್ಷ, ಅದೇ ಮಾತುಕತೆ.