ಮಾಸ್ತರರ ಕಿಸೆ

ನಾನು ಇದನ್ನು ಬರೆಯಲು ಕೂತಿರುವ ಹೊತ್ತಿನಲ್ಲಿ ನನ್ನ ಬೈಕಿನ ಮೇನ್ ಜೆಟ್ ರೈಲು ಹತ್ತಿ ಹುಬ್ಬಳ್ಳಿಗೆ ಹೊರಟಿದೆ. ಟಿಕೆಟ್ ಇಲ್ಲದಿದ್ದರೂ ಕಿಟಕಿ ಪಕ್ಕದ ಸೀಟು ಸಿಕ್ಕಿದೆ. ಇಷ್ಟೊತ್ತಿಗೆ ಗದಗ ದಾಟಿರಬೇಕು. ಬೈಕು ಮಾತ್ರ ಕೊಪ್ಪಳದಲ್ಲೇ, ನಮ್ಮ ಮನೆಯ ಅಂಗಳದಲ್ಲಿ, ಮುಂದಿನ ಚಕ್ರದ ಕೆಳಗೆ ಎರಡು ಇಟ್ಟಿಗೆ ಇಟ್ಟುಕೊಂಡು ಆಕಾಶ ನೋಡುತ್ತಾ ನಿಂತಿದೆ. ನಾಳಿದ್ದು ಗವಿಮಠದ ತೇರು. ಈ ಸಲದ ಜಾತ್ರೆಗೆ ಇದೇ ಬೈಕಿನಲ್ಲಿ ಹೋಗುತ್ತೇನೆ ಎಂದು ದೀಪಾವಳಿಯಿಂದ ಇಡೀ ಓಣಿಗೆ ಹೇಳಿಕೊಂಡು ತಿರುಗಿದವನು ನಾನು. ಈಗ ಓಣಿಯವರು ಎದುರಾದರೆ ಮೊಬೈಲ್ ಕಿವಿಗೆ ಹಿಡಿದುಕೊಂಡು ನಡೆಯುತ್ತಿದ್ದೇನೆ.

ಜೆಟ್ ಎಂದರೆ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರಿನ ಹೊಟ್ಟೆಯಲ್ಲಿ ಕೂರುವ, ಕಡಲೆಕಾಳಿಗಿಂತ ಸ್ವಲ್ಪ ದೊಡ್ಡದಾದ ಹಿತ್ತಾಳೆಯ ತುಣುಕು. ನಡುವೆ ಸೂಜಿ ತೂರುವಷ್ಟು ತೂತು. ಈ ತೂತಿನ ಅಳತೆ ತಪ್ಪಿದರೆ ಇಂಜಿನ್ ಕೆಮ್ಮುತ್ತದೆ. ತೂತೇ ಇಲ್ಲದೆ ಹೋದರೆ, ಅಂದರೆ ತೂತಿನ ಸಮೇತ ಹುಬ್ಬಳ್ಳಿಗೆ ಹೋದರೆ, ಇಂಜಿನ್ ಸುಮ್ಮನಿರುತ್ತದೆ. ಹೊಟ್ಟೆ ಉರಿಯುವುದಕ್ಕೆ ಇನ್ನೂ ಒಂದು ಕಾರಣವಿದೆ. ಆ ಜೆಟ್ಟನ್ನು ನಾನು ಮೂರು ಭಾನುವಾರ ಹುಡುಕಿ ತಂದದ್ದು ಹುಬ್ಬಳ್ಳಿಯಿಂದಲೇ.

ಗಾಡಿಯ ವಿಷಯ ಹೇಳಿಬಿಡುತ್ತೇನೆ. 1984ರ ಯೆಜ್ಡಿ. ಮೈಸೂರಿನಲ್ಲಿ 1961ರಲ್ಲಿ ಜಾವಾ ಎಂಬ ಹೆಸರಿನಿಂದ ಶುರುವಾಗಿ, ಆಮೇಲೆ ಯೆಜ್ಡಿಯಾಗಿ, 1996ರಲ್ಲಿ ಕಾರ್ಖಾನೆಯ ಬಾಗಿಲು ಹಾಕುವವರೆಗೆ ಊರೂರಿನ ಕಾಂಪೌಂಡರುಗಳನ್ನೂ ಬೀಜದ ವ್ಯಾಪಾರಿಗಳನ್ನೂ ಹೊತ್ತು ತಿರುಗಿದ ವಂಶ. ಸಿಲಿಂಡರ್ ಒಂದೇ, ಸೈಲೆನ್ಸರ್ ಮಾತ್ರ ಎರಡು. ನನ್ನದು ಸಿಕ್ಕಿದ್ದು ಕುಕನೂರಿನ ಕಡೆಯ ಒಂದು ದನದ ಕೊಟ್ಟಿಗೆಯಲ್ಲಿ. ಸೀಟಿನ ಮೇಲೆ ಕೋಳಿ ಕಾವಿಗೆ ಕೂತಿತ್ತು. ಮರಿ ಆಗುವವರೆಗೆ ತಡೆಯಬೇಕು ಎಂದು ಗೌಡರು ಹೇಳಿದ್ದರಿಂದ ಗಾಡಿಯನ್ನು ಮನೆಗೆ ತರಲು ಎರಡು ವಾರ ಹೆಚ್ಚಿಗೆ ಹಿಡಿಯಿತು. ಕಾಗದಪತ್ರಗಳೆಲ್ಲ ಸರಿಯಾಗಿವೆ, ಆದರೆ ಅವುಗಳಲ್ಲಿ ನಮ್ಮೂರು ಇನ್ನೂ ರಾಯಚೂರು ಜಿಲ್ಲೆಯಲ್ಲೇ ಇದೆ. ಕೊಪ್ಪಳ ಜಿಲ್ಲೆಯಾಗಿದ್ದು 1997ರಲ್ಲಿ. ಆ ಸುದ್ದಿ ಕೊಟ್ಟಿಗೆಯವರೆಗೆ ಮುಟ್ಟಿರಲಿಲ್ಲ.

ಇದನ್ನು ವಿಂಟೇಜ್ ಎಂದು ಕರೆಯಬೇಕೆಂಬ ಆಸೆ ನನಗಿತ್ತು. ಆದರೆ 2021ರ ನಿಯಮದ ಪ್ರಕಾರ ವಾಹನಕ್ಕೆ 50 ವರ್ಷ ದಾಟಿದರೆ ಮಾತ್ರ ಆ ಪದವಿ. ಗಾಡಿಯೂ ನಾನೂ ಒಂದೇ ವಯಸ್ಸಿನವರು. ಇಬ್ಬರೂ ಹಳಬರೇ, ಗೌರವ ಸಿಗುವಷ್ಟು ಹಳಬರಲ್ಲ.

ಚಳಿಗಾಲದಲ್ಲಿ ಕೆಲಸ ಮುಗಿಸುತ್ತೇನೆ ಎಂದು ಮನೆಯಲ್ಲಿ ಮಾತು ಕೊಟ್ಟಿದ್ದೆ. ನಮ್ಮ ಚಳಿಗಾಲ ನಿಮಗೆ ಗೊತ್ತೇ ಇದೆ. ಎಂಟು ಗಂಟೆಗೆ ಸ್ವೆಟರ್, ಹನ್ನೊಂದಕ್ಕೆ ಬರೀ ಬನಿಯನ್. ನಡುವಿನ ಮೂರು ತಾಸು ಅಂಗಳದಲ್ಲಿ ಕೂತು ನಟ್ಟು ಬಿಚ್ಚುವುದಕ್ಕೆ ಹೇಳಿ ಮಾಡಿಸಿದ ಹೊತ್ತು. ಮೊದಲ ಗಡುವು ಎಳ್ಳ ಅಮಾವಾಸ್ಯೆ, ಚರಗ ಚೆಲ್ಲಲು ಹೊಲಕ್ಕೆ ಬೈಕಿನಲ್ಲೇ ಹೋಗುವುದೆಂದು. ಆ ದಿನ ಇಂಜಿನ್ ರೊಟ್ಟಿ ಬುಟ್ಟಿಯಲ್ಲಿತ್ತು, ರೊಟ್ಟಿ ಪ್ಲಾಸ್ಟಿಕ್ ಚೀಲದಲ್ಲಿತ್ತು, ನಾವು ಆಟೋದಲ್ಲಿದ್ದೆವು. ಶೇಂಗಾ ಹೋಳಿಗೆಗೆ ಸಣ್ಣಗೆ ಡೀಸೆಲ್ ವಾಸನೆ ಬರುತ್ತಿದೆ ಎಂದು ಅವ್ವ ಹೇಳಿದಳು. ನನಗೇನೂ ಬರಲಿಲ್ಲ. ಎರಡು ತಿಂಗಳಿಂದ ನನ್ನ ಮೂಗಿಗೆ ಬೇರೆ ವಾಸನೆಯೇ ತಿಳಿಯುತ್ತಿಲ್ಲ.

ಹುಣಸೆಹಣ್ಣಿನ ಪ್ರಕರಣವನ್ನು ಬೇಗ ಮುಗಿಸುತ್ತೇನೆ, ಅದರಲ್ಲಿ ತಪ್ಪು ಪೂರ್ತಿ ನನ್ನದೇ. ಟ್ಯಾಂಕಿನ ಒಳಗೆ ಕೆಂಪು ತುಕ್ಕು ಹಿಡಿದಿತ್ತು. ಹುಣಸೆ ನೀರು ತುಂಬಿ, ಒಂದು ಹಿಡಿ ಹಳೆಯ ನಟ್ಟುಗಳನ್ನು ಹಾಕಿ, ಮಗುವನ್ನು ತೂಗುವ ಹಾಗೆ ಟ್ಯಾಂಕನ್ನು ತೂಗುತ್ತಿದ್ದರೆ ತುಕ್ಕು ಬಿಡುತ್ತದೆ. ಬಿಟ್ಟಿತು ಕೂಡ. ಆದರೆ ಅದು ಅವ್ವ ಇಡೀ ವರ್ಷಕ್ಕೆಂದು ಬೀಜ ತೆಗೆದು ಗಡಿಗೆಯಲ್ಲಿ ಇಟ್ಟಿದ್ದ ಹುಣಸೆ. ಆಮೇಲೆ ಮೂರು ವಾರ ನಮ್ಮ ಮನೆಯಲ್ಲಿ ದಿನವೂ ಪುಂಡಿ ಪಲ್ಯ. ಅದಕ್ಕೆ ಹುಣಸೆ ಬೇಡವಲ್ಲ.

ಇನ್ನು ಮಾಸ್ತರರು.

ಎದುರು ಮನೆಯ ಮಾಸ್ತರರು ನಿವೃತ್ತರಾಗಿ ಹದಿನೈದು ವರ್ಷವಾಯಿತು. ಏಳನೆಯ ತರಗತಿಯಲ್ಲಿ ನನಗೆ ಗಣಿತ ಮತ್ತು ವಿಜ್ಞಾನ ಕಲಿಸಿದವರು. ಆದ್ದರಿಂದ ಅವರ ಎದುರು ನಾನು ಈಗಲೂ ಏಳನೆಯ ತರಗತಿಯವನು, ಸಿಟ್ಟು ಮಾಡುವ ಅಧಿಕಾರ ನನಗಿಲ್ಲ. ನಾನು ಪಾನಾ ಪಕ್ಕಡ್ ಹರವಿಕೊಂಡು ಕೂತ ಸದ್ದಿಗೆ ಅವರು ಚಹಾದ ಲೋಟ ಹಿಡಿದು ಬರುತ್ತಾರೆ. ನಮ್ಮ ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕೂರುತ್ತಾರೆ. ಕೈಗೆ ಸಿಕ್ಕ ಮೊದಲ ಬಿಡಿಭಾಗವನ್ನು ಎತ್ತಿ ಹಿಡಿದು ಕೇಳುತ್ತಾರೆ: "ತಮ್ಮಾ, ಇದು ಏನು?"

ಹೇಳಿದರೆ ಸಾಲದು, ವಿವರಿಸಬೇಕು. ಟೂ ಸ್ಟ್ರೋಕ್ ಎಂದರೇನು ಎಂದು ಒಂದು ದಿನ ಕೇಳಿದರು. ಕ್ರ್ಯಾಂಕು ಒಂದು ಸುತ್ತು ಬರುವಷ್ಟರಲ್ಲಿ ಒಂದು ಸಲ ಪೆಟ್ರೋಲ್ ಸಿಡಿಯುತ್ತದೆ, ಫೋರ್ ಸ್ಟ್ರೋಕಿನಲ್ಲಿ ಎರಡು ಸುತ್ತಿಗೆ ಒಂದು ಸಲ, ಎಂದೆ. ಅವರು ಚಹಾ ಗುಟುಕರಿಸಿ, "ಅಂದರೆ ಇದು ಪ್ರತಿ ಪೀರಿಯಡ್ಡಿನಲ್ಲೂ ಪಾಠ ಮಾಡುವ ಮಾಸ್ತರ. ಅದು ಒಂದು ಪೀರಿಯಡ್ ಬಿಟ್ಟು ಒಂದು" ಎಂದರು. ಗೇರಿನ ಕೋಲನ್ನೇ ಹಿಂದಕ್ಕೆ ತಿರುಗಿಸಿದರೆ ಕಿಕ್ ಹೊಡೆಯುವ ಕೋಲಾಗುವುದನ್ನು ತೋರಿಸಿದಾಗ ಮಾತ್ರ ಬಕೆಟ್ಟಿನಿಂದ ಎದ್ದು ನಿಂತರು. "ಒಂದೇ ಕೋಲು, ಎರಡು ಕೆಲಸ! ಏಕೋಪಾಧ್ಯಾಯ ಶಾಲೆ ಇದ್ದ ಹಾಗೆ." ಟ್ಯಾಂಕಿಗೆ ಬಣ್ಣದ ಗೆರೆ ಎಳೆಸಬೇಕು ಎಂದಾಗ ಬಣ್ಣದ ಗೊಂಬೆಗಳ ಊರಾದ ಕಿನ್ನಾಳಕ್ಕೆ ಕೊಟ್ಟು ಬರಲು ಹೇಳಿದರು. ಅಲ್ಲಿ ಕೊಟ್ಟರೆ ಗೆರೆಯ ಜೊತೆ ಒಂದು ಗರುಡನನ್ನೂ ಬರೆದುಕೊಡುತ್ತಾರಂತೆ.

ಇಷ್ಟರಲ್ಲಿ ಯಾವುದೂ ತಕರಾರಲ್ಲ. ತಕರಾರು ಇರುವುದು ಅವರ ಬಲಗೈಯ ಬಗ್ಗೆ. ಪ್ರಶ್ನೆ ಮುಗಿದ ಮೇಲೆ ಆ ಕೈ ವಸ್ತುವನ್ನು ಎತ್ತಿದ ಜಾಗದಲ್ಲಿ ಇಡುವುದಿಲ್ಲ. ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು, ಎದೆಯವರೆಗೆ ತಂದು, ಅಂಗಿಯ ಕಿಸೆಯೊಳಗೆ ಬಿಡುತ್ತದೆ. ಬಿಟ್ಟು, ಕಿಸೆಯ ಮೇಲೆ ಎರಡು ಸಲ ಮೆಲ್ಲಗೆ ತಟ್ಟುತ್ತದೆ. ಮಾತು ಮಾತ್ರ ಎಲ್ಲೂ ನಿಲ್ಲುವುದಿಲ್ಲ. ಮೂವತ್ತಾರು ವರ್ಷ ಸೀಮೆಸುಣ್ಣದ ತುಂಡುಗಳನ್ನು ಹುಡುಗರ ಕೈಗೆ ಸಿಗದಂತೆ ಕಾಪಾಡಿದ ಕೈ ಅದು. ಸೀಮೆಸುಣ್ಣಕ್ಕೂ ಸರ್ಕ್ಲಿಪ್ಪಿಗೂ ಇರುವ ವ್ಯತ್ಯಾಸವನ್ನು ಅದಕ್ಕೆ ಯಾರೂ ಹೇಳಿಲ್ಲ.

ಸರ್ಕ್ಲಿಪ್ ಎಂದರೆ ಪಿಸ್ಟನ್ ಪಿನ್ನು ಪಕ್ಕಕ್ಕೆ ಜಾರದಂತೆ ತಡೆಯುವ ತಂತಿಯ ಉಂಗುರ. ಅದಿಲ್ಲದೆ ಗಾಡಿ ಓಡಿಸಿದರೆ ಸಿಲಿಂಡರಿನ ಗೋಡೆ ಗೀಚಿಹೋಗುತ್ತದೆ. ಡಿಸೆಂಬರಿನಲ್ಲಿ ಅದು ಕಾಣೆಯಾದಾಗ ನಾನು ಮಾಸ್ತರರನ್ನು ಅನುಮಾನಿಸಲಿಲ್ಲ, ಅದರ ಸ್ವಭಾವವೇ ಚಿಮ್ಮುವುದು ಎಂದುಕೊಂಡೆ. ಅಯಸ್ಕಾಂತ ಹಿಡಿದು ಅಂಗಳದ ಮಣ್ಣನ್ನೆಲ್ಲ ಜಾಲಿಸಿದೆ. ಎರಡು ಮೊಳೆ, ಒಂದು ಹೇರ್ ಪಿನ್ನು, ನಾನು ಐದು ವರ್ಷದ ಹಿಂದೆ ಕಳೆದುಕೊಂಡಿದ್ದ ಗೇಟಿನ ಬೀಗದ ಕೈ ಸಿಕ್ಕಿದವು. ನಾಲ್ಕನೆಯ ದಿನ ಓಣಿಯ ಇಸ್ತ್ರಿಯವನು ಒಂದು ಕಾಗದದ ಪೊಟ್ಟಣ ತಂದು ಕೊಟ್ಟ. "ಮಾಸ್ತರರ ಅಂಗಿಯಲ್ಲಿತ್ತು. ನಿಮ್ಮದೇ ಇರಬೇಕು." ಸರ್ಕ್ಲಿಪ್ ಇನ್ನೂ ಬಿಸಿಯಾಗಿತ್ತು. ಅಂದಿನಿಂದ ಏನು ಕಾಣೆಯಾದರೂ ನಾನು ಮೊದಲು ಹೋಗುವುದು ಇಸ್ತ್ರಿ ಗಾಡಿಗೆ. ಅಲ್ಲಿ ಕಲ್ಲಿದ್ದಲಿನ ಪಕ್ಕದ ಒಂದು ತಗಡಿನ ಡಬ್ಬಿ ಈಗ ನನ್ನ ಬಿಡಿಭಾಗಗಳ ಅಂಗಡಿ. ಸೋಮವಾರ ಮತ್ತು ಗುರುವಾರ ಸರಕು ಬರುತ್ತದೆ.

ನೇರವಾಗಿ ಹೇಳಿಬಿಡಬಹುದಲ್ಲ ಎಂದು ಹೆಂಡತಿ ಕೇಳಿದಳು. ಒಂದು ಸಲ ಹೇಳಲು ಹೋದೆ. ಸಂಜೆ ಅವರ ಮನೆಗೆ ಹೋದಾಗ ಕಿಟಕಿಯ ಕಟ್ಟೆಯ ಮೇಲೆ ಹಳೆಯ ಬಿಸ್ಕತ್ತಿನ ಡಬ್ಬಿ ಕಂಡಿತು. ನಮ್ಮ ಬಾಲ್ಯದಲ್ಲಿ ಅದರ ತುಂಬ ಸೀಮೆಸುಣ್ಣದ ತುಂಡುಗಳಿರುತ್ತಿದ್ದವು. ಮಾಸ್ತರರ ಮನೆಯವರು ಅಂಗಿ ಒಗೆಯುವ ಮೊದಲು ಕಿಸೆ ಝಾಡಿಸಿ, ಸಿಕ್ಕಿದ್ದನ್ನೆಲ್ಲ ಅದರಲ್ಲಿ ಹಾಕಿಡುತ್ತಿದ್ದರು. ಕುಂಟಬಿಲ್ಲೆ ಆಡಲು ಮನೆ ಬರೆಯಬೇಕಾದಾಗ ನಾವು ಹೋಗಿ ಕೈ ಒಡ್ಡಿದರೆ ತಲೆಗೆ ಒಂದರಂತೆ ಎಣಿಸಿ ಕೊಡುತ್ತಿದ್ದರು. ಅವರು ತೀರಿಕೊಂಡು ಎರಡು ವರ್ಷ. ಈಗ ಕಿಸೆ ನೋಡುವವರಿಲ್ಲ, ಅಂಗಿ ನೇರವಾಗಿ ಬಕೆಟ್ಟಿಗೆ ಹೋಗುತ್ತದೆ. ನಾನು ಹೇಳಬೇಕೆಂದು ಹೋಗಿದ್ದನ್ನು ಹೇಳಲಿಲ್ಲ. ಸೀತನಿ ಬಂದಿದೆಯಂತೆ, ನಾಳೆ ತರುತ್ತೇನೆ ಎಂದು ಹೇಳಿ ಬಂದೆ.

ಆ ಔದಾರ್ಯದ ಫಲ ಇವತ್ತು ಬೆಳಿಗ್ಗೆ ಸಿಕ್ಕಿತು.

ಇಂಜಿನ್ ಕೂಡಿಸಿಯಾಗಿತ್ತು. ಕಿಡಿಗೆ ಹೊತ್ತು ಹೇಳುವ ಪಾಯಿಂಟಿನ ಅಂತರವನ್ನು 0.4 ಮಿಲಿಮೀಟರಿಗೆ ಇಟ್ಟಿದ್ದೆ. ಲೀಟರ್ ಪೆಟ್ರೋಲಿಗೆ 50 ಮಿಲಿ ಎಣ್ಣೆ ಬೆರೆಸಿ ಬಾಟಲಿಯಲ್ಲಿ ಸಿದ್ಧವಾಗಿಟ್ಟಿದ್ದೆ. ಕಾರ್ಬ್ಯುರೇಟರ್ ಒಂದನ್ನು ಕೂಡಿಸಿದರೆ ಕಿಕ್ ಹೊಡೆಯುವುದೇ. ಮಾಸ್ತರರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದರು. ಮೊಮ್ಮಕ್ಕಳನ್ನು ಜಾತ್ರೆಗೆ ಕರೆತರಲು ಹುಬ್ಬಳ್ಳಿಯ ಮಗಳ ಮನೆಗೆ ಹೊರಟಿದ್ದರು. ರೈಲಿಗೆ ಇನ್ನೂ ಮುಕ್ಕಾಲು ತಾಸು ಇತ್ತು. ಜೆಟ್ಟನ್ನು ಎತ್ತಿಕೊಂಡರು.

"ಇದು ಏನು?"

"ಜೆಟ್, ಸರ್. ಇದರ ತೂತಿನಿಂದಲೇ ಇಂಜಿನ್ನಿಗೆ ಪೆಟ್ರೋಲ್ ಹೋಗುವುದು."

"ತೂತು ಎಲ್ಲಿದೆ?" ಎಡಗಣ್ಣು ಮುಚ್ಚಿ ಜೆಟ್ಟನ್ನು ಬಿಸಿಲಿಗೆ ಹಿಡಿದರು. ಒಂದಿಷ್ಟು ತಿರುಗಿಸಿದರು. "ಹಾಂ, ಕಂಡಿತು. ಗವಿಮಠದ ಗುಡ್ಡವೂ ಕಾಣಿಸುತ್ತಿದೆ." ಸ್ವಲ್ಪ ಹೊತ್ತು ಗುಡ್ಡ ನೋಡಿ, "ನಮ್ಮ ಓಣಿಯ ನಳಕ್ಕೂ ಇಂಥದ್ದನ್ನೇ ಹಾಕಿದ್ದಾರೆಂದು ಕಾಣುತ್ತದೆ" ಎಂದರು.

ನಾನು ನಕ್ಕೆ. ನಗುತ್ತಾ ತಲೆ ತಗ್ಗಿಸಿ ಪೆಟ್ರೋಲಿನಲ್ಲಿ ಫ್ಲೋಟು ತೊಳೆಯುತ್ತಾ ಕೂತೆ. ಆ ನಗೆಯ ಹೊತ್ತಿನಲ್ಲೇ ಕಿಸೆಯನ್ನು ಎರಡು ಸಲ ತಟ್ಟಿದ್ದಿರಬೇಕು.

ಗೊತ್ತಾಗುವ ಹೊತ್ತಿಗೆ ಅವರ ಆಟೋ ಓಣಿ ದಾಟಿತ್ತು. ಹೆಂಡತಿಯ ಸ್ಕೂಟರ್ ಹತ್ತಿ ನಿಲ್ದಾಣಕ್ಕೆ ಓಡಿದೆ. ಪ್ಲಾಟ್‌ಫಾರ್ಮಿಗೆ ಕಾಲಿಟ್ಟಾಗ ರೈಲು ಆಗಲೇ ಅಲುಗಾಡುತ್ತಿತ್ತು. ಮೂರನೆಯ ಬೋಗಿಯ ಕಿಟಕಿಯಲ್ಲಿ ಬಿಳಿ ಅಂಗಿ ಕಂಡಿತು. ಓಡುತ್ತಾ ಕೂಗಿದೆ: "ಸರ್! ಕಿಸೆ! ಕಿಸೆ!"

ಜಾತ್ರೆಯ ವಾರ, ಜನಜಂಗುಳಿಯ ಪ್ಲಾಟ್‌ಫಾರ್ಮು. ಅಲ್ಲಿ ನಿಂತು ಆ ಶಬ್ದವನ್ನು ಕೂಗಬಾರದು ಎಂದು ನನಗೆ ಹೊಳೆಯಲಿಲ್ಲ. ನಿಂತವರು, ಕೂತವರು, ಚಹಾ ಮಾರುವವನು ಎಲ್ಲರ ಕೈಯೂ ಒಂದೇ ಸಲಕ್ಕೆ ತಮ್ಮ ತಮ್ಮ ಕಿಸೆಗೆ ಹೋಯಿತು. ಒಬ್ಬ ಅಜ್ಜಿ ಸೊಂಟದ ಎಲೆ ಅಡಿಕೆ ಚೀಲವನ್ನು ಎರಡೂ ಕೈಯಿಂದ ಅವುಚಿಕೊಂಡಳು. "ಯಾರವನು? ಎಲ್ಲಿ ಓಡಿದ?" ಎಂದು ಒಬ್ಬರು ಕೇಳಿದರು. ಓಡುತ್ತಿದ್ದವನು ನಾನೊಬ್ಬನೇ, ಅದೂ ಮೊಣಕೈವರೆಗೆ ಕಪ್ಪು ಗ್ರೀಸು ಬಳಿದುಕೊಂಡು. ಗಟ್ಟಿಮುಟ್ಟಾದ ಯುವಕನೊಬ್ಬ ನನ್ನ ಭುಜ ಹಿಡಿದ. "ಕಳ್ಳ ನಾನಲ್ಲ, ಕಿಸೆಯಲ್ಲಿರುವುದು ನನ್ನದು" ಎಂದೆ. ಸತ್ಯವೇ ಆದರೂ ಆ ಘಳಿಗೆಯಲ್ಲಿ ಅದು ಹೇಳುವಂಥ ಮಾತಾಗಿರಲಿಲ್ಲ. ಅವನ ಹಿಡಿತ ಇನ್ನಷ್ಟು ಬಿಗಿಯಾಯಿತು.

ಮಾಸ್ತರರಿಗೆ ನನ್ನ ಕೂಗು ಕೇಳಿಸಿತ್ತು. ಕಿಸೆ ಜೋಪಾನ ಎಂದು ಹಳೆಯ ವಿದ್ಯಾರ್ಥಿ ಎಚ್ಚರಿಸಲು ಬಂದಿದ್ದಾನೆ ಎಂದುಕೊಂಡರು. ಕಿಟಕಿಯಿಂದ ನನ್ನನ್ನು ನೋಡಿ ಕಣ್ಣು ತುಂಬ ನಕ್ಕರು. ಎದೆಯ ಮೇಲೆ ಕೈಯಿಟ್ಟು ಕಿಸೆಯನ್ನು ಎರಡು ಸಲ ತಟ್ಟಿ ತೋರಿಸಿದರು. ಇದೆ, ಇದೆ, ಭದ್ರವಾಗಿದೆ. ರೈಲು ಹೋಯಿತು.

ಅವರ ಮೊಬೈಲ್ ಆಫ್ ಆಗಿದೆ. ಪ್ರಯಾಣದಲ್ಲಿ ಚಾರ್ಜು ಉಳಿಸುತ್ತಾರೆ. ಮಗಳ ನಂಬರು ಹುಡುಕಿ ವಿಷಯ ತಿಳಿಸಿದೆ, ಅಪ್ಪ ಬಂದ ಕೂಡಲೇ ಅಂಗಿ ಬಿಚ್ಚಿಸಬೇಡಿ ಎಂದು ಕೈಮುಗಿದು ಹೇಳಿದೆ. ಫೋನಿನಲ್ಲಿ ಕೈಮುಗಿದರೆ ಕಾಣುವುದಿಲ್ಲ, ಆದರೂ ಮುಗಿದೆ. ಆಮೇಲೆ ಬೇರೆ ಕೆಲಸ ಕೈಗೆ ಹತ್ತದೆ ಇದನ್ನು ಬರೆಯುತ್ತಾ ಕೂತೆ.

ಇಷ್ಟು ಬರೆಯುವಷ್ಟರಲ್ಲಿ ಹುಬ್ಬಳ್ಳಿಯಿಂದ ಫೋನ್ ಬಂತು. ಮಾಸ್ತರರೇ ಮಾತನಾಡಿದರು. ದನಿಯಲ್ಲಿ ಪಶ್ಚಾತ್ತಾಪದ ಸುಳಿವೂ ಇರಲಿಲ್ಲ, ಮೌಖಿಕ ಪರೀಕ್ಷೆಯ ಗತ್ತಿತ್ತು.

"ತಮ್ಮಾ, ಕಿಸೆ ನೋಡಿದೆ. ಹಿತ್ತಾಳೆಯದು ಸಿಕ್ಕಿದೆ, ತೂತೂ ಇದೆ. ತೇರಿನ ದಿನ ಬೆಳಿಗ್ಗೆ ತರುತ್ತೇನೆ, ಚಿಂತೆ ಮಾಡಬೇಡ."

ಹೋದ ಜೀವ ಬಂದ ಹಾಗಾಯಿತು.

"ಅದರ ಜೊತೆ ಒಂದು ಸಣ್ಣ ಸ್ಪ್ರಿಂಗೂ ಅರ್ಧಚಂದ್ರದ ಹಾಗಿರುವ ಒಂದು ಕಬ್ಬಿಣದ ತುಂಡೂ ಇವೆ. ಅವು ಏನು?"

ಫೋನ್ ಇಟ್ಟವನು ಟಾರ್ಚ್ ಹಿಡಿದು ಗಾಡಿಯ ಸುತ್ತ ಆಗಲೇ ನಾಲ್ಕು ಪ್ರದಕ್ಷಿಣೆ ಹಾಕಿದ್ದೇನೆ. ಇಂಜಿನ್ನನ್ನು ನಿನ್ನೆ ರಾತ್ರಿಯೇ ಪೂರ್ತಿ ಕೂಡಿಸಿಯಾಗಿತ್ತು.