ಈಪರ್ ಚೌಕದ ಚಿತ್ರಗಳು, ನಮ್ಮೂರ ಸರ್ಕಲ್ಲಿನ ನೆನಪುಗಳು

1914ರ ನವೆಂಬರ್ 22ರಂದು ತೆಗೆದ ಒಂದು ಚಿತ್ರದಲ್ಲಿ, ಬೆಲ್ಜಿಯಂನ ಈಪರ್ ಊರಿನ ಚೌಕದಲ್ಲಿರುವ ಜವಳಿ ಮಹಲು ಹೊತ್ತಿ ಉರಿಯುತ್ತಿದೆ. ಮೊದಲ ಮಹಾಯುದ್ಧ ನಡೆಯುತ್ತಿದ್ದ ಕಾಲ; ಗೋಪುರದ ದುರಸ್ತಿಗೆಂದು ಕಟ್ಟಿದ್ದ ಮರದ ಸಾರುವೆಗೆ ಜರ್ಮನ್ ಫಿರಂಗಿಗಳ ದಾಳಿಯಿಂದ ಬೆಂಕಿ ತಗುಲಿ, ಆರು ಶತಮಾನ ನಿಂತಿದ್ದ ಕಟ್ಟಡದ ಚಾವಣಿ ಒಂದೇ ದಿನದಲ್ಲಿ ಬೂದಿಯಾಯಿತು. ಗೆಂಟ್ ನಗರದಲ್ಲಿ ನೆಲೆಸಿರುವ ನಾನು ಆಗಾಗ ಶನಿವಾರದ ರೈಲು ಹಿಡಿದು ಈಪರ್‌ಗೆ ಹೋಗುತ್ತೇನೆ. ಚೌಕದಲ್ಲಿ ಆ ಹೊತ್ತಿಗೆ ಸಂತೆ ನೆರೆದಿರುತ್ತದೆ. ಚೀಸ್ ಮಾರುವವರ ಗಾಡಿಯ ಪಕ್ಕದಲ್ಲಿ ನಿಂತು, ಕೈಯಲ್ಲಿರುವ ಚಿತ್ರವನ್ನೂ ಎದುರಿಗಿರುವ ಗೋಪುರವನ್ನೂ ಹೋಲಿಸಿ ನೋಡುವುದು ನನಗೆ ರೂಢಿಯಾಗಿದೆ.

ಈಗ ಕಾಣುವ ಗೋಪುರ ಹೊಸತು. 1918ರ ವೇಳೆಗೆ ಈ ಊರಿನಲ್ಲಿ ಗೋಡೆಗಳ ಮೋಟುಗಳಷ್ಟೇ ಉಳಿದಿದ್ದವು. ಬ್ರಿಟನ್ನಿನ ಸಚಿವರಾಗಿದ್ದ ವಿನ್‌ಸ್ಟನ್ ಚರ್ಚಿಲ್ ಅವರು ಮಡಿದ ಸೈನಿಕರ ಸ್ಮಾರಕವಾಗಿ ಇಡೀ ಪಾಳೂರನ್ನೇ ಹಾಗೆಯೇ ಉಳಿಸಿಕೊಳ್ಳಬೇಕೆಂದು ಬಯಸಿದ್ದರು. ಗುಳೆ ಹೋಗಿದ್ದ ಜನ ಮಾತ್ರ ಒಬ್ಬೊಬ್ಬರಾಗಿ ಮರಳಿ ಬಂದು, ಮರದ ಹಲಗೆಯ ತಾತ್ಕಾಲಿಕ ಮನೆಗಳಲ್ಲಿ ಒಲೆ ಹೂಡಿ, ತಮ್ಮ ಊರು ಮೊದಲಿದ್ದಂತೆಯೇ ಆಗಬೇಕೆಂದು ಪಟ್ಟು ಹಿಡಿದರು. ಊರಿನ ವಾಸ್ತುಶಿಲ್ಪಿ ಯೂಲ್ಸ್ ಕೋಮನ್ಸ್ ಅವರು ಯುದ್ಧಕ್ಕೆ ಮುಂಚೆಯೇ ಈ ಕಟ್ಟಡಗಳ ಜೀರ್ಣೋದ್ಧಾರದಲ್ಲಿ ತೊಡಗಿದ್ದವರು. ಅವರ ಅಳತೆಯ ನಕ್ಷೆಗಳು ಮತ್ತು ಹಳೆಯ ಚಿತ್ರಗಳ ಆಧಾರದಿಂದ ಆರಂಭವಾದ ಜವಳಿ ಮಹಲಿನ ಮರುನಿರ್ಮಾಣ ಪೂರ್ತಿಯಾದದ್ದು 1967ರಲ್ಲಿ.

ಆ ಚಿತ್ರಗಳಲ್ಲಿ ಹಲವನ್ನು ತೆಗೆದವರು ಮೌರಿಸ್ ಮತ್ತು ರೋಬರ್ಟ್ ಆಂಟನಿ ಎಂಬ ಸೋದರರು, ಇದೇ ಊರಿನವರು. ಯುದ್ಧ ಬರುವ ಮುನ್ನ ತಾವು ನಡೆದಾಡಿದ ಚೌಕವನ್ನೇ ಅವರು ಯುದ್ಧ ನುಂಗುತ್ತಿದ್ದಾಗಲೂ ಚಿತ್ರಿಸಿದರು. 1917ರಲ್ಲಿ ಆಸ್ಟ್ರೇಲಿಯಾ ಸೇನೆಯ ಅಧಿಕೃತ ಛಾಯಾಗ್ರಾಹಕರಾಗಿ ಬಂದ ಫ್ರಾಂಕ್ ಹರ್ಲಿ ಅವರ ಚಿತ್ರಗಳು ಇವಕ್ಕಿಂತ ಹೆಚ್ಚು ಭವ್ಯವಾಗಿವೆ ಎಂಬುದನ್ನು ಒಪ್ಪುತ್ತೇನೆ. ಆದರೆ ಹರ್ಲಿ ಅವರು ಹಲವು ನೆಗೆಟಿವ್‌ಗಳನ್ನು ಸೇರಿಸಿ ಒಂದೇ ಯುದ್ಧದೃಶ್ಯವನ್ನಾಗಿ ಮಾಡುತ್ತಿದ್ದರು, ಅದು ಸುಳ್ಳು ಚಿತ್ರವೆಂದು ಯುದ್ಧ ವರದಿಗಾರ ಚಾರ್ಲ್ಸ್ ಬೀನ್ ಅವರು ಆಕ್ಷೇಪಿಸಿದ್ದರು. ನನ್ನ ಮಟ್ಟಿಗೆ ಆಂಟನಿ ಸೋದರರ ಚಿತ್ರಗಳೇ ದೊಡ್ಡವು. ಯಾವ ಗೋಡೆಯ ಹಿಂದೆ ಯಾರ ಮನೆಯಿತ್ತೆಂದು ಬಲ್ಲವರು ತೆಗೆದ ಚಿತ್ರಗಳವು.

ಇಲ್ಲಿನ ಜನರ ಒಂದು ಪದ್ಧತಿಯನ್ನು ನಾನು ಕಣ್ಣಾರೆ ಕಂಡದ್ದು ನೆರೆಮನೆಯಲ್ಲಿ. ಎಂಬತ್ತು ದಾಟಿರುವ ಆ ಹಿರಿಯರ ತವರು ಈಪರ್. ಒಂದು ಸಂಜೆ ಅವರು ಬಿಸ್ಕತ್ತಿನ ಡಬ್ಬಿಯಿಂದ ಅಂಗೈಯಗಲದ ಚಿತ್ರವೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಹಲಗೆಯ ಮನೆಯೊಂದರ ಮುಂದೆ ಐದು ಜನ ನಿಂತಿದ್ದಾರೆ, ಹಿಂದೆ ಮುರಿದ ಗೋಪುರ. ಚಿತ್ರವನ್ನು ತಿರುಗಿಸಿದರೆ ಹಿಂಬದಿಯಲ್ಲಿ ಪೆನ್ಸಿಲ್ಲಿನಿಂದ ಐವರ ಹೆಸರೂ ಎಡದಿಂದ ಬಲಕ್ಕೆ ಕ್ರಮವಾಗಿವೆ. ಅದರ ಕೆಳಗೆ ಬೇರೆಯ ಕೈಬರಹದಲ್ಲಿ, ಮನೆಯಿದ್ದದ್ದು ಚೌಕದ ಯಾವ ಮೂಲೆಯಲ್ಲಿ ಎಂಬ ವಿವರವಿದೆ. ಅದು ಅವರ ತಾಯಿಯ ಬರಹ. ಮೂರನೆಯ ಸಾಲನ್ನು ಇವರೇ ಸೇರಿಸಿದ್ದರು.

ನಮ್ಮ ಮನೆಗಳಲ್ಲಿ ಇಂಥದ್ದನ್ನು ನಾನು ಕಂಡಿಲ್ಲ. ಹಾಸನ ಜಿಲ್ಲೆಯ ನಮ್ಮೂರಿನ ಹಳೆಯ ಫೋಟೋಗಳ ಹಿಂದೆ ಇರುವುದು ಸ್ಟುಡಿಯೋದ ರಬ್ಬರ್ ಮೊಹರು ಮಾತ್ರ. ಮುಂದೆ ಬಣ್ಣ ಬಳಿದ ಪರದೆ, ಕೈಯಿರುವ ಕುರ್ಚಿ, ಅದರಲ್ಲಿ ಬಿಗಿದುಕೊಂಡು ಕುಳಿತ ಹಿರಿಯರು. ಫೋಟೋ ಎಂದರೆ ಸ್ಟುಡಿಯೋಗೆ ಹೋಗಿ ತೆಗೆಸಿಕೊಳ್ಳುವಂಥದ್ದು ಎಂಬ ಕಾಲದಲ್ಲಿ ಸರ್ಕಲ್ಲು, ಅಶ್ವತ್ಥಕಟ್ಟೆ, ಸಂತೆಮಾಳಗಳು ಚಿತ್ರಕ್ಕೆ ಸಿಗಲೇ ಇಲ್ಲ. ಅವು ಉಳಿದದ್ದು ನಾಲಿಗೆಯ ಮೇಲೆ. ಎರಡನೆಯ ಮಹಾಯುದ್ಧದ ಕಾಲದ ಲೆವಿ ರಾಗಿ, ಕಂಟ್ರೋಲ್ ಬಟ್ಟೆ, ಸೀಮೆಎಣ್ಣೆಗಾಗಿ ಸರ್ಕಲ್ಲಿನಲ್ಲಿ ಬೆಳಗಿನ ಜಾವವೇ ನಿಲ್ಲುತ್ತಿದ್ದ ಸಾಲು ಇವನ್ನೆಲ್ಲ ನಮ್ಮಜ್ಜಿ ಹೇಳುತ್ತಿದ್ದ ರೀತಿ ಯಾವ ಚಿತ್ರಕ್ಕೂ ಕಡಿಮೆಯಿರಲಿಲ್ಲ. ಸಾಲಿನಲ್ಲಿ ಯಾರ ಹಿಂದೆ ಯಾರು ನಿಂತಿದ್ದರು, ಯಾರು ಯಾರೊಡನೆ ಜಗಳವಾಡಿದರು ಎಂಬುದೂ ಅದರಲ್ಲಿರುತ್ತಿತ್ತು. ಈ ಬಗೆಯ ನೆನಪನ್ನು ನಾನು ಕೀಳೆಂದು ಎಣಿಸುವವನಲ್ಲ. ಆದರೆ ಅಜ್ಜಿ ತೀರಿಕೊಂಡ ದಿನವೇ ಆ ಸಾಲೂ ಚದುರಿಹೋಯಿತು.

ನಮ್ಮವರ ಹೆಸರುಗಳು ಕಳೆದುಹೋಗಿರುವುದು ಇಲ್ಲಿಯೂ ಕಾಣುತ್ತದೆ. ಈಪರ್ ಚೌಕದಿಂದ ಎರಡು ಮೂರು ನಿಮಿಷ ನಡೆದರೆ ಮೆನಿನ್ ದ್ವಾರ ಸಿಗುತ್ತದೆ. ಸಮಾಧಿಯೇ ಸಿಗದ 54,000ಕ್ಕೂ ಹೆಚ್ಚು ಸೈನಿಕರ ಹೆಸರುಗಳನ್ನು ಅಲ್ಲಿ ಕೆತ್ತಿದ್ದಾರೆ, ಅವರಲ್ಲಿ ನಾನೂರಕ್ಕೂ ಹೆಚ್ಚು ಮಂದಿ ಅವಿಭಜಿತ ಭಾರತದವರು. ಪ್ರತಿ ಸಂಜೆ ಎಂಟಕ್ಕೆ ಕಹಳೆ ಊದುವಾಗ ನಾನು ಆ ಹೆಸರುಗಳ ಕೆಳಗೆ ನಿಲ್ಲುತ್ತೇನೆ. ಕಲ್ಲಿನಲ್ಲಿ ಹೆಸರಿದೆ, ಮುಖವಿಲ್ಲ. ಅದೇ ಕಾಲದ ಚಿತ್ರಗಳಲ್ಲಿ ಪೇಟ ಸುತ್ತಿದ ಯೋಧರ ಮುಖಗಳಿವೆ, ಅಡಿಬರಹದಲ್ಲಿ ಬಹುಪಾಲು ‘ಭಾರತೀಯ ಸೈನಿಕರು’ ಎಂದಷ್ಟೇ ಇರುತ್ತದೆ. ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಅಶ್ವದಳದ ಸ್ಮಾರಕವಿದೆ. 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನಲ್ಲಿರುವ ಹೈಫಾ ಊರನ್ನು ಗೆದ್ದ ಸವಾರರಲ್ಲಿ ಇವರೂ ಇದ್ದರು. ಅಲ್ಲಿಯೂ ಹೆಸರುಗಳಿವೆ. ಆ ಹೆಸರಿನ ಮನೆತನದವರ ಪೆಟ್ಟಿಗೆಯಲ್ಲಿ ಒಂದು ಮುಖವಾದರೂ ಉಳಿದಿದ್ದರೆ, ಅದನ್ನು ತಂದು ಆ ಕಲ್ಲಿನ ಬಳಿ ತೋರಿಸುವ ಒಂದು ದಿನವನ್ನು ನಾವೇಕೆ ಗೊತ್ತುಮಾಡಬಾರದು?

ಹಿಂದಿನ ಸಲ ಊರಿಗೆ ಹೋದಾಗ, ರಸ್ತೆ ಅಗಲೀಕರಣಕ್ಕೆ ಮುಂಚಿನ ಸರ್ಕಲ್ಲಿನ ನಕ್ಷೆಯೋ ಚಿತ್ರವೋ ಇದ್ದೀತೇ ಎಂದು ಕಚೇರಿಯೊಂದರಲ್ಲಿ ವಿಚಾರಿಸಿದೆ. ಹಳೆಯ ಕಡತಗಳನ್ನೆಲ್ಲ ರದ್ದಿಗೆ ಹಾಕಿ ಆಯಿತು ಎಂಬ ಉತ್ತರ ಬಂತು. ಬಹಳ ನೋವಾಯಿತು. ಮನೆಗೆ ಬಂದು ದೊಡ್ಡಪ್ಪನವರ ಟ್ರಂಕಿನಲ್ಲಿ ಹುಡುಕಿದಾಗ ಅವರ ಮದುವೆಯ ಮೆರವಣಿಗೆಯ ಚಿತ್ರವೊಂದು ಸಿಕ್ಕಿತು. ಹೂವಿನ ಅಲಂಕಾರದ ಕಾರಿನ ಹಿಂದೆ, ಯಾರೂ ಗಮನಿಸದಂತೆ, ಸರ್ಕಲ್ಲು ಇತ್ತು! “ಇದು ಶೆಟ್ಟರ ಅಂಗಡಿ, ಇದು ಹೋಟೆಲು, ಇಲ್ಲಿ ಸೈಕಲ್ ಶಾಪು ಕಣಪ್ಪಾ” ಎಂದು ದೊಡ್ಡಪ್ಪ ಬೆರಳಿಟ್ಟು ಹೇಳುತ್ತಾ ಹೋದರು, ನಾನು ಹಿಂಬದಿಯಲ್ಲಿ ಪೆನ್ಸಿಲ್ಲಿನಿಂದ ಬರೆಯುತ್ತಾ ಹೋದೆ. ಬಲತುದಿಯ ಬೋರ್ಡಿನಲ್ಲಿ ‘ಮೈಸೂರು’ ಎಂಬ ಪದದ ನಂತರ ಚಿತ್ರ ಮುಗಿದಿತ್ತು. ಅದು ಯಾರ ಅಂಗಡಿಯೆಂದು ಅವರಿಗೆ ನೆನಪಾಗಲಿಲ್ಲ. “ನಾಳೆ ನಿಮ್ಮ ದೊಡ್ಡಮ್ಮನನ್ನು ಕೇಳೋಣ, ಆ ಸಾಲು ಹಾಗೇ ಬಿಟ್ಟಿರು” ಎಂದರು.